ಟಿಟ್ವಾಳಾದಲ್ಲಿ ಬಿಟ್ಟು ಬಂದ ಉಡಿ

ಭಾಷಣ ಮಾಡುವವರನ್ನು ಅವರ ಭಾಷಣದ ವಿಷಯದಲ್ಲೇ ಪರೀಕ್ಷೆಗೆ ಕೂರಿಸುವ ಪದ್ಧತಿ ನಮ್ಮಲ್ಲಿಲ್ಲ. ಇದ್ದಿದ್ದರೆ ನಾನು ಎಂದೋ ನಪಾಸಾಗಿ ಮನೆಯಲ್ಲಿ ಹಪ್ಪಳ ಲಟ್ಟಿಸುತ್ತ ಕೂತಿರುತ್ತಿದ್ದೆ. ರಬಾಳೆಯ ಕಾರ್ಖಾನೆಗಳ ನಡುವೆ ಇರುವ ಒಂದು ಸಣ್ಣ ಕನ್ನಡ ಶಾಲೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಪ್ರತಿ ವರ್ಷ ಜೂನ್ ತಿಂಗಳ ಪಾಲಕರ ಸಭೆಯಲ್ಲಿ ‘ಶಾಲೆ ಮತ್ತು ಮನೆಯ ಬಾಂಧವ್ಯ’ ಎಂಬ ವಿಷಯದ ಮೇಲೆ ಮಾತಾಡುವ ಕೆಲಸ ನನಗೇ ಮೀಸಲು. ಶಿಕ್ಷಕಿ ಎಂದರೆ ಎರಡನೆಯ ತಾಯಿ, ನಿಮ್ಮ ಮಗು ನಮ್ಮ ಮಗು, ನಾವೆಲ್ಲ ಒಂದೇ ಕುಟುಂಬ ಎಂದೆಲ್ಲ ಕೈಯೆತ್ತಿ ಹೇಳುತ್ತೇನೆ. ಮುಂದಿನ ಸಾಲಿನ ತಾಯಂದಿರು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದೂ ಉಂಟು. ಅದು ಕಣ್ಣೀರಲ್ಲ, ಫ್ಯಾನ್ ಕೆಟ್ಟದ್ದರಿಂದ ಬಂದ ಬೆವರು ಎಂದು ನಮ್ಮ ಚಿತ್ರಕಲೆಯ ಪಾಟೀಲ ಸರ್ ಹೇಳುತ್ತಾರೆ, ಅವರ ಮಾತಿಗೆ ನಾನು ಅಷ್ಟು ಬೆಲೆ ಕೊಡುವುದಿಲ್ಲ. ಆದರೆ ಇಂದು ನಿಮ್ಮೆದುರು ಒಪ್ಪಿಕೊಂಡು ಬಿಡುತ್ತೇನೆ. ಇಷ್ಟೆಲ್ಲ ಕುಟುಂಬ ಕುಟುಂಬ ಎಂದು ಕೂಗಿದವಳು ಈ ಇಪ್ಪತ್ತಾರು ವರ್ಷಗಳಲ್ಲಿ ಒಬ್ಬ ವಿದ್ಯಾರ್ಥಿಯ ಮನೆಯ ಹೊಸ್ತಿಲನ್ನೂ ತುಳಿದಿರಲಿಲ್ಲ.

ಹಾಗೆಂದು ನನಗೆ ಮನೆಗಳ ಸಂಪರ್ಕವೇ ಇರಲಿಲ್ಲ ಎನ್ನಬೇಡಿ. ಫೋನ್ ಇತ್ತಲ್ಲ! ಮಗ ಹೋಮ್‌ವರ್ಕ್ ತಂದಿಲ್ಲ ಎಂದು ಒಂದು ಫೋನ್, ಮಗಳು ಬೆಂಚಿನ ಮೇಲೆ ಹೆಸರು ಕೆತ್ತಿದ್ದಾಳೆ ಎಂದು ಇನ್ನೊಂದು ಫೋನ್. ಡೊಂಬಿವ್ಲಿಯ ನಮ್ಮ ಮನೆಯಲ್ಲಿ ಸಂಜೆಯ ಚಹಾ ಆದ ಮೇಲೆ ನಾನು ಹಾಜರಿ ಪಟ್ಟಿ ಹಿಡಿದು ಬಾಲ್ಕನಿಯಲ್ಲಿ ಕೂತರೆ ನಮ್ಮ ಯಜಮಾನರು ಎದ್ದು ಒಳಗೆ ಹೋಗುತ್ತಿದ್ದರು. ಕಲ್ಯಾಣದ ಒಂದು ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕೂತು ನಿವೃತ್ತರಾದವರು ಅವರು, ಗಿರಾಕಿಗಳ ಜೊತೆ ಮಾತಾಡುವ ನಯ ಅವರಿಗೆ ಗೊತ್ತು. "ನೀನು ಒಮ್ಮೆಯಾದರೂ ಒಳ್ಳೆ ಸುದ್ದಿ ಹೇಳಲಿಕ್ಕೆ ಫೋನ್ ಮಾಡಿದ್ದುಂಟಾ? ನನಗೇ ಕೇಳಿ ಕೇಳಿ ಹೆದರಿಕೆ ಆಗ್ತದೆ ಮಾರಾಯ್ತಿ" ಎಂದರು ಒಂದು ದಿನ. ನಾವು ಮನೆಯಲ್ಲಿ ಮಾತಾಡುವುದು ತುಳು, ನಿಮ್ಮ ಅನುಕೂಲಕ್ಕೆ ಕನ್ನಡಕ್ಕೆ ತಂದಿದ್ದೇನೆ. ತುಳುವಿನಲ್ಲಿ ಇದು ಇನ್ನೂ ಸ್ವಲ್ಪ ಖಾರವಾಗಿತ್ತು. ಒಳ್ಳೆ ಸುದ್ದಿಗೆ ಫೋನ್ ಯಾಕೆ, ಪ್ರಗತಿ ಪತ್ರದಲ್ಲಿ ಬರೆದರಾಯಿತು ಎಂಬುದು ಆಗಿನ ನನ್ನ ವಾದ.

ಈ ವಾದದ ಫಲ ನನಗೆ ಸಿಕ್ಕಿದ್ದು ರೇಣುಕಾ ಶಾಲೆಗೆ ಬರುವುದನ್ನು ನಿಲ್ಲಿಸಿದಾಗ. ರೇಣುಕಾ ಎಂಟನೆಯ ತರಗತಿಯ ಹುಡುಗಿ, ಎರಡನೆಯ ಬೆಂಚಿನಲ್ಲಿ ಕಿಟಕಿಯ ಪಕ್ಕ ಕೂರುವವಳು. ಅಪ್ಪ ಬಸಪ್ಪ ಗೋದಾಮಿನಲ್ಲಿ ಲಾರಿಗಳಿಗೆ ಮಾಲು ತುಂಬುವವರು, ಅಮ್ಮ ಸಿದ್ದಮ್ಮ ಐರೋಲಿಯ ಒಂದು ಐಟಿ ಕಂಪನಿಯಲ್ಲಿ ನೆಲ ಒರೆಸುವ ಕೆಲಸದವರು, ಮೂಲ ಕಲಬುರಗಿ ಕಡೆಯವರು. ಈ ಹುಡುಗಿಯ ಒಂದೇ ದುರಭ್ಯಾಸವೆಂದರೆ ಪ್ರಶ್ನೆ ಕೇಳುವುದು. ಗುರುತ್ವಾಕರ್ಷಣೆ ಪಾಠ ಮುಗಿಸಿ ನಾನು ಪುಸ್ತಕ ಮುಚ್ಚುವಷ್ಟರಲ್ಲಿ ಕೈ ಮೇಲೆ. "ಟೀಚರ್, ಹಂಗಾದ್ರ ಚಂದ್ರ ಯಾಕ ನಮ್ಮ ತೆಲಿ ಮ್ಯಾಲ ಬೀಳಂಗಿಲ್ರಿ?" ಉತ್ತರ ಕೊಟ್ಟರೆ ಆ ಉತ್ತರದ ಮೇಲೆ ಇನ್ನೊಂದು ಪ್ರಶ್ನೆ. ಗಂಟೆ ಹೊಡೆದರೆ ಬದುಕಿದೆ ಎನ್ನಿಸುತ್ತಿತ್ತು. ದೀಪಾವಳಿ ರಜೆ ಮುಗಿದ ಮೇಲೆ ಅವಳು ಬರಲಿಲ್ಲ. ಮೊದಲೆರಡು ದಿನ ನಾನು ಆರಾಮವಾಗಿ ಪಾಠ ಮಾಡಿದೆ. ಮೂರನೆಯ ದಿನ ಪಾಠ ಮುಗಿಸಿ, ಪುಸ್ತಕ ಮುಚ್ಚಿ, ಅಭ್ಯಾಸಬಲದಿಂದ ಕಿಟಕಿಯ ಕಡೆ ನೋಡಿದೆ. ಯಾರೂ ಕೈ ಎತ್ತಲಿಲ್ಲ. ಉಳಿದ ಮೂವತ್ತೊಂದು ಮಕ್ಕಳು ನಾನು ಹೇಳಿದ್ದನ್ನೆಲ್ಲ ನಂಬಿ ಸುಮ್ಮನೆ ಕೂತಿದ್ದರು. ಆ ಮೌನ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಆ ಹುಡುಗಿ ನನಗೆ ಬೇಕಾಗಿದ್ದಳು ಎಂಬುದು ಆಗ ಗೊತ್ತಾಯಿತು.

ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ನಾಲ್ಕು ದಿನ, ಬೆಳಿಗ್ಗೆ ಸಂಜೆ ಮಾಡಿದರೂ ಅಷ್ಟೇ. ಕಾರಣ ನನಗೆ ತಿಳಿದದ್ದು ಆಮೇಲೆ. ಬಸಪ್ಪನ ಮೊಬೈಲಿನಲ್ಲಿ ನನ್ನ ನಂಬರನ್ನು ರೇಣುಕಾಳೇ ಸೇವ್ ಮಾಡಿಕೊಟ್ಟಿದ್ದಳಂತೆ, ‘ಮತ್ ಉಠಾನಾ’ ಎಂಬ ಹೆಸರಿನಲ್ಲಿ. ಎತ್ತಬೇಡಿ ಎಂದು ಅಷ್ಟು ಸ್ಪಷ್ಟ ಹಿಂದಿಯಲ್ಲಿ ಬರೆದಿರುವಾಗ ಯಾರು ತಾನೇ ಎತ್ತುತ್ತಾರೆ? ಕೊನೆಗೆ ಅವಳ ಪಕ್ಕದ ಬೆಂಚಿನ ಹುಡುಗಿಯಿಂದ ವಿಷಯ ಹೊರಬಿತ್ತು. ರಬಾಳೆಯ ಖೋಲಿಯ ಬಾಡಿಗೆ ಜಾಸ್ತಿಯಾಗಿ ಅವರು ಟಿಟ್ವಾಳಾಕ್ಕೆ ಹೋಗಿದ್ದಾರೆ, ರೇಣುಕಾ ಇನ್ನು ಶಾಲೆಗೆ ಬರುವುದಿಲ್ಲ. ಟಿಟ್ವಾಳಾ ಅಂದರೆ ಕಲ್ಯಾಣ ದಾಟಿ ಆಚೆ. ಅಲ್ಲಿಂದ ರಬಾಳೆಗೆ ಬರಬೇಕಾದರೆ ಥಾಣೆಯಲ್ಲಿ ಇಳಿದು ಇನ್ನೊಂದು ಗಾಡಿ ಹಿಡಿಯಬೇಕು. ಫೋನಿನಲ್ಲಿ ಬಗೆಹರಿಯುವ ಮಾತಲ್ಲ ಅದು. ಭಾನುವಾರ ಬೆಳಿಗ್ಗೆ ನಾನು ಚೂಡಿದಾರ ಹಾಕಿಕೊಂಡು ಹೊರಟಾಗ ಯಜಮಾನರು, "ಅವರನ್ನು ಬೈಯಲಿಕ್ಕೆ ಅಷ್ಟು ದೂರ ಹೋಗ್ಬೇಕಾ?" ಎಂದು ಕೇಳಿದರು. ಬೈಯಲು ಅಲ್ಲ, ತಿಳಿ ಹೇಳಲು ಎಂದೆ. ನನ್ನ ಮಟ್ಟಿಗೆ ಇವೆರಡರ ನಡುವೆ ಆಗ ಹೆಚ್ಚಿನ ವ್ಯತ್ಯಾಸ ಇರಲಿಲ್ಲ.

ಗಾಡಿಯಲ್ಲಿ ಕೂತವಳು ಭಾಷಣದ ತಾಲೀಮು ಶುರು ಮಾಡಿದೆ. ಹೆಣ್ಣು ಮಗುವಿನ ಶಿಕ್ಷಣದ ಮಹತ್ವ, ಕಾನೂನು ಏನು ಹೇಳುತ್ತದೆ, ತಂದೆಯ ಕರ್ತವ್ಯ, ಕೊನೆಗೆ ಸ್ವಲ್ಪ ಗದರಿಕೆ. ತುಟಿ ಅಲ್ಲಾಡುತ್ತಿತ್ತು ಎಂದು ಕಾಣುತ್ತದೆ. ಗಣಪತಿ ದರ್ಶನಕ್ಕೆ ಹೊರಟಿದ್ದ ಎದುರು ಸೀಟಿನ ಹೆಂಗಸು ಯಾವ ಸ್ತೋತ್ರ ಹೇಳುತ್ತಿದ್ದೀರಿ ಎಂದು ಮರಾಠಿಯಲ್ಲಿ ಭಕ್ತಿಯಿಂದ ಕೇಳಿದರು. ನಾನು ನಮಸ್ಕಾರ ಮಾಡಿ ಕಿಟಕಿಯ ಹೊರಗೆ ನೋಡಿದೆ.

ಅವರಿದ್ದ ಚಾಳು, ಅಂದರೆ ವಠಾರ, ಹುಡುಕುವುದು ಕಷ್ಟವಾಗಲಿಲ್ಲ. ಕನ್ನಡದವರ ಮನೆ ಎಲ್ಲಿ ಎಂದು ಕಿರಾಣಿ ಅಂಗಡಿಯವನನ್ನು ಕೇಳಿದರೆ, "ಜೋಳದ ಹಿಟ್ಟು ಒಯ್ಯುವವರಾ?" ಎಂದು ಕೇಳಿ ಕೈ ತೋರಿಸಿದ. ಬಾಗಿಲಲ್ಲಿ ರೇಣುಕಾ ಪಾತ್ರೆ ತಿಕ್ಕುತ್ತಿದ್ದಳು. ನನ್ನನ್ನು ನೋಡಿದವಳೇ ಎದ್ದು ನಿಂತು, ಶಾಲೆಯಲ್ಲಿ ನಿಲ್ಲುವ ಹಾಗೆ ಕೈ ಕಟ್ಟಿಕೊಂಡು, "ಮಮ್ಮಿ ಡ್ಯೂಟಿಗಿ ಹೋಗ್ಯಾಳ್ರಿ ಟೀಚರ್, ಪಪ್ಪಾ ಅಂದರ್ ಹೈ" ಎಂದಳು. ಬೂದಿ ಹತ್ತಿದ ಕೈ. ಒಳಗೆ ಬಸಪ್ಪ ಗಡಬಡಿಸಿ ಎದ್ದು ಅಂಗಿ ಹಾಕಿಕೊಂಡರು. ಒಲೆಯ ಮುಂದೆ ಅವರ ತಾಯಿ ಮಲ್ಲಮ್ಮ, ಎಪ್ಪತ್ತರ ಹತ್ತಿರದ ಅಜ್ಜಿ, ರೊಟ್ಟಿ ಬಡಿಯುತ್ತಿದ್ದರು.

ಚಾಪೆಯ ಮೇಲೆ ಕೂತು ನಾನು, "ನೋಡಿ ಬಸಪ್ಪನವರೇ, ಹೆಣ್ಣು ಮಗುವಿನ ಶಿಕ್ಷಣ ಎಂದರೆ" ಎನ್ನುವಷ್ಟರಲ್ಲಿ ಅಜ್ಜಿ ತಾಟು ತಂದು ಮುಂದಿಟ್ಟರು. ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಎಣಗಾಯಿ. "ಮದಲ ಉಣ್ರಿ ಟೀಚರಮ್ಮ, ಮಾತು ಎಲ್ಲಿಗಿ ಓಡಿ ಹೋಗ್ತದ?" ಎಂದರು. ಬಾಯಲ್ಲಿ ರೊಟ್ಟಿ ಇಟ್ಟುಕೊಂಡು ಕಾನೂನಿನ ಬಗ್ಗೆ ಮಾತಾಡಲು ಬರುವುದಿಲ್ಲ. ಒಂದು ತುತ್ತು ನುಂಗಿ ನಾನು ತಂದೆಯ ಕರ್ತವ್ಯಕ್ಕೆ ಬರುವ ಹೊತ್ತಿಗೆ ತಾಟಿಗೆ ಎರಡನೆಯ ರೊಟ್ಟಿ ಬಿತ್ತು. ಮೂರನೆಯ ರೊಟ್ಟಿಗೆ ಭಾಷಣದ ಆಸೆ ಬಿಟ್ಟೆ. ಹಾಗೆ ಬಾಯಿ ಮುಚ್ಚಿಕೊಂಡದ್ದರಿಂದ ಬಸಪ್ಪ ಹೇಳಿದ್ದು ಕಿವಿಗೆ ಬಿತ್ತು.

"ನನಗ ಮಗಳ್ನ ಸಾಲಿ ಬಿಡಸೋ ಮನಸಿಲ್ರಿ ಟೀಚರ್," ಎಂದರು ಅವರು ನೆಲ ನೋಡುತ್ತ. "ಮುಂಜಾನಿ ಅವರವ್ವನ ಸಂಗಟ ಬರ್ತಾಳ, ಅದಕ್ಕ ಚಿಂತಿಲ್ಲ. ಸಾಲಿ ಬಿಡೋದು ಒಂದೂವರಿಗಿ, ಅವರವ್ವನ ಡ್ಯೂಟಿ ಮುಗಿಯೋದು ಐದಕ್ಕ. ಹದಿಮೂರ ವರ್ಷದ ಹುಡುಗಿ, ಥಾಣಾದಾಗ ಗಾಡಿ ಬದಲಿ ಮಾಡಿ ಒಬ್ಬಾಕಿನೇ ಹೆಂಗ ಬರಬೇಕ್ರಿ? ಇಲ್ಲಿ ಮರಾಠಿ ಸಾಲಿಯಾಗ ಕೇಳೀನಿ, ಎರಡ ವರ್ಗ ಹಿಂದ ಕೂಡಸ್ತೀವಿ ಅಂದ್ರು, ಇಕಿ ಒಲ್ಲೆ ಅಂದಳು. ಸಂಕ್ರಮಣ ಆದಮ್ಯಾಲ ನಮ್ಮವ್ವ ಊರಿಗಿ ಹೊಂಟಾಳ. ಸಂಗಟ ಇಕಿನೂ ಕಳಸ್ತೀನಿ." ಊರಿನಲ್ಲಿ ಶಾಲೆಗೆ ಸೇರಿಸುತ್ತೀರಾ ಎಂದು ಕೇಳಿದೆ. "ನೋಡಮ್ರಿ" ಎಂದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ನೋಡಮ್ರಿ ಎಂದರೆ ಏನೆಂದು ನನಗೆ ಗೊತ್ತಾಗಿದೆ. ಹಾಗೆ ಹೋದ ಹುಡುಗಿಯರು ಎರಡು ಮೂರು ವರ್ಷ ಬಿಟ್ಟು ಕುತ್ತಿಗೆಯಲ್ಲಿ ತಾಳಿ ಹಾಕಿಕೊಂಡು ಶಾಲೆಯ ಗೇಟಿನ ಹತ್ತಿರ ನಕ್ಕು ಮಾತಾಡಿಸಿ ಹೋಗುತ್ತಾರೆ. ಬಾಗಿಲಾಚೆ ಪಾತ್ರೆಯ ಸದ್ದು ನಿಂತಿತ್ತು. ರೇಣುಕಾ ಕೇಳಿಸಿಕೊಳ್ಳುತ್ತಿದ್ದಳು.

ನನಗೆ ಥಟ್ಟನೆ ಹೊಳೆಯಿತು. ನಮ್ಮ ಮನೆ ಡೊಂಬಿವ್ಲಿ, ದಾರಿಯಲ್ಲೇ. "ಶಾಲೆ ಬಿಟ್ಟ ಮೇಲೆ ನನ್ನ ಜೊತೆ ನಮ್ಮ ಮನೆಗೆ ಬರಲಿ. ಸಂಜೆ ಅವಳ ಅಮ್ಮ ಬರುವ ಗಾಡಿಗೆ ನಾನೇ ಸ್ಟೇಷನ್ನಿಗೆ ತಂದು ಬಿಡುತ್ತೇನೆ" ಎಂದೆ. ಇಷ್ಟು ಸುಲಭದ ಉಪಾಯಕ್ಕೆ ಅವರು ಕುಣಿದಾಡಬೇಕು ಎಂದು ನನ್ನ ಎಣಿಕೆ. ಬಸಪ್ಪ ತಲೆ ಅಲ್ಲಾಡಿಸಿದರು. "ನಿಮ್ಮ ಮನಸು ದೊಡ್ಡದ್ರಿ ಟೀಚರ್. ಆದ್ರ ಬೆಳದ ಹುಡುಗಿನ ದಿನಾ ಮಂದಿ ಮನ್ಯಾಗ ಹೆಂಗ ಬಿಡೋದ್ರಿ? ನಮ್ಮ ಕಡಿ ಅದು ಆಗಂಗಿಲ್ಲ." ನನಗೆ ಸ್ವಲ್ಪ ಕೋಪವೇ ಬಂತು. ನಾನು ಮಂದಿಯೇ, ಹೊರಗಿನವಳೇ? ಎರಡನೆಯ ತಾಯಿ ಎಂದು ಪ್ರತಿ ಜೂನಿನಲ್ಲಿ ಹೇಳುತ್ತ ಬಂದಿಲ್ಲವೇ? ಹೊರಡುತ್ತೇನೆ ಎಂದು ಎದ್ದೆ.

ಇಲ್ಲಿ ನಾನು ಮಾಡಿದ್ದನ್ನು ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಹಿಡಿಯಾಗುತ್ತದೆ. ಅಜ್ಜಿ, "ತಡೀರಿ, ಹಂಗ ಹೋಗಬ್ಯಾಡ್ರಿ" ಎಂದು ನನ್ನನ್ನು ಕೂರಿಸಿ ಹಣೆಗೆ ಕುಂಕುಮ ಹಚ್ಚಿದರು. "ಸೆರಗ ಇಲ್ಲಲ್ಲ ಇಕಿಗಿ! ಇರಲಿ, ಇದೇ ಒಡ್ಡ್ರಿ" ಎಂದು ನನ್ನ ದುಪಟ್ಟಾ ಹರಡಿಸಿದರು. ಅದಕ್ಕೆ ಒಂದು ಕುಬಸದ ಬಟ್ಟೆ, ತೆಂಗಿನಕಾಯಿ, ಎಲೆ ಅಡಿಕೆ, ಅರಿಶಿಣದ ಕೊಂಬು, ಐದು ಸಲ ಬೊಗಸೆ ತುಂಬ ಅಕ್ಕಿ. ನಮ್ಮ ಕರಾವಳಿಯ ಮನೆಯಲ್ಲಿ ಹೀಗೆ ಮಡಿಲು ತುಂಬಿಸುವುದನ್ನು ನಾನು ಕಂಡದ್ದು ಬಸುರಿಗೆ, ಏಳನೆಯ ತಿಂಗಳಲ್ಲಿ. ನನಗೆ ಐವತ್ತೆರಡು. ಅಜ್ಜಿಗೆ ಏನೋ ತಪ್ಪು ತಿಳಿವಳಿಕೆ ಆಗಿದೆ, ಎಣಗಾಯಿ ತಿಂದು ಹೊಟ್ಟೆ ಸ್ವಲ್ಪ ಮುಂದೆ ಬಂದದ್ದೂ ನಿಜ ಎಂದುಕೊಂಡು ನನಗೆ ನಗು ಬಂತು. "ಅಯ್ಯೋ ಅಜ್ಜಿ, ನನಗೆ ಇದೆಲ್ಲ ಯಾಕೆ, ವಯಸ್ಸಾಯಿತು" ಎಂದು ನಕ್ಕೆ. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ನನ್ನೊಳಗಿನ ಶಿಕ್ಷಕಿ ಎದ್ದು ಕೂತಳು. "ಪಾಲಕರಿಂದ ನಾವು ಏನೂ ತೆಗೆದುಕೊಳ್ಳುವ ಹಾಗಿಲ್ಲ, ಶಾಲೆಯ ನಿಯಮ ಉಂಟು" ಎಂದು ಹೇಳಿ, ದುಪಟ್ಟಾದಿಂದ ಕಾಯಿ, ಬಟ್ಟೆ, ಅಕ್ಕಿ ಎಲ್ಲವನ್ನೂ ಒಂದು ಕಾಳೂ ಬಿಡದೆ ಮೊರಕ್ಕೆ ಸುರಿದು, ಗೂಡಿನಲ್ಲಿಟ್ಟು, ಕೈ ಕೊಡವಿ, ನಮಸ್ಕಾರ ಹೇಳಿದೆ. ಅಜ್ಜಿ ಒಲೆಯ ಕಡೆ ತಿರುಗಿದರು. ಬಸಪ್ಪ, "ಆತ್ರಿ ಟೀಚರ್, ನೀವು ಹೋಗ್ರಿ" ಎಂದರು. ಬಾಗಿಲಾಚೆ ಪಾತ್ರೆಗಳ ಮುಂದೆ ಕೂತಿದ್ದ ರೇಣುಕಾ ತಲೆಯನ್ನೂ ಎತ್ತಲಿಲ್ಲ.

ಮರುದಿನ ಸ್ಟಾಫ್ ರೂಮಿನಲ್ಲಿ ನಾನು ಈ ಪ್ರಾಮಾಣಿಕತೆಯ ಕಥೆಯನ್ನು ಕೊಂಚ ಹೆಮ್ಮೆಯಿಂದಲೇ ಹೇಳಿದೆ. ಕುಂಚ ತೊಳೆಯುತ್ತಿದ್ದ ಪಾಟೀಲ ಸರ್ ವಿಜಯಪುರದವರು. ಅವರ ಕೈಯಲ್ಲಿದ್ದ ಬಣ್ಣದ ನೀರಿನ ಲೋಟ ಮೇಜಿನ ಮೇಲೆ ಬಿದ್ದು ನನ್ನ ಏಳನೆಯ ತರಗತಿಯ ಉತ್ತರ ಪತ್ರಿಕೆಗಳೆಲ್ಲ ನೀಲಿಯಾದವು. "ಉಡಿ ತಿರುಗಿ ಕೊಟ್ಟು ಬಂದ್ರಾ ಮೇಡಂ? ಉಡಿ?" ಎಂದರು. "ಅದು ಗಿಫ್ಟ್ ಅಲ್ರಿ! ಮನಿ ಮಗಳು ತವರಿಂದ ಹೊಂಟಾಗ ತುಂಬಿ ಕಳಸ್ತೀವಿ. ಹೊರಗಿನಾಕಿಗೆ ತುಂಬಿದ್ರ, ಇವತ್ತಿನಿಂದ ನೀ ನಮ್ಮ ಮಗಳು ಅಂದಂಗ. ಅದನ್ನ ತಿರುಗಿ ಕೊಟ್ರ ಏನಾತು? ನಿಮ್ಮ ಮನಿ ನನಗ ಬ್ಯಾಡ, ನೀವು ನನಗ ಏನೂ ಅಲ್ಲ ಅಂದಂಗ ಆತು. ನನ್ನ ಹೆಂಡ್ತಿ ಹಂಗ ಮಾಡಿದ್ರ ನಮ್ಮ ಅತ್ತಿ ಈ ಜನ್ಮದಾಗ ಮಾತಾಡ್ತಿರಲಿಲ್ಲ." ಮಂದಿ ಮನೆ ಎಂದದ್ದಕ್ಕೆ ನನಗೆ ಕೋಪ ಬಂದಿತ್ತು. ಆ ಅಜ್ಜಿ ನಾನು ಮಂದಿಯಲ್ಲ ಎಂದು ಎದ್ದು ಬಂದು ಹಣೆಗೆ ಕುಂಕುಮ ಹಚ್ಚಿ ಹೇಳಿದ್ದರು. ಅದನ್ನು ನಾನೇ ಮೊರಕ್ಕೆ ಸುರಿದು ಗೂಡಿನಲ್ಲಿಟ್ಟು ಬಂದಿದ್ದೆ. ಇಷ್ಟು ಅಚ್ಚುಕಟ್ಟಾಗಿ ಒಂದು ಕೆಲಸವನ್ನು ಕೆಡಿಸಿದ್ದು ನನ್ನ ಬದುಕಿನಲ್ಲೇ ಮೊದಲು.

ಆ ವಾರ ಹೇಗೆ ಕಳೆಯಿತೋ. ಮುಂದಿನ ಭಾನುವಾರ ಸೀರೆ ಉಟ್ಟೆ. ಸೆರಗು ಉದ್ದ ಬರಲಿ ಎಂದು ಎರಡು ಸಲ ಬಿಚ್ಚಿ ಉಟ್ಟೆ. ಯಜಮಾನರು ಈ ಸಲ ಏನೂ ಕೇಳಲಿಲ್ಲ, ಸ್ಟೇಷನ್ನಿನವರೆಗೆ ರಿಕ್ಷಾದಲ್ಲಿ ಬಂದು ಬಿಟ್ಟರು. ಗಾಡಿಯಲ್ಲಿ ಭಾಷಣದ ತಾಲೀಮು ಮಾಡಲಿಲ್ಲ. ಮಾಡೋಣವೆಂದರೆ ಹೇಳುವುದು ಏನೆಂದೇ ಗೊತ್ತಿರಲಿಲ್ಲ.

ಬಾಗಿಲಲ್ಲಿ ಅಜ್ಜಿಯೇ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತಿ ನೋಡಿ, ಮತ್ತೆ ಸೊಪ್ಪಿನ ಕಡೆ ತಿರುಗಿ, "ಏನ್ರಿ ಟೀಚರಮ್ಮ, ಮತ್ತ ಯಾಕ ಬಂದ್ರಿ?" ಎಂದರು. ಮೂವತ್ತೆರಡು ಮಕ್ಕಳನ್ನು ಒಂದು ನೋಟದಲ್ಲಿ ಕೂರಿಸುವ ನಾನು ಹೊಸ್ತಿಲಾಚೆಯೇ ನಿಂತೆ. "ನನ್ನ ಉಡಿ ಬಿಟ್ಟು ಹೋಗಿದ್ದೆ ಅಜ್ಜಿ. ತಕ್ಕೊಂಡು ಹೋಗಲಿಕ್ಕೆ ಬಂದೆ" ಎಂದೆ.

"ಬಿಟ್ಟು ಹೋಗಲಾಕ ಅದೇನು ಛತ್ರಿ ಏನ?" ಎಂದರು ಅಜ್ಜಿ.

ನನಗೆ ಗೊತ್ತಿರಲಿಲ್ಲ, ನಮ್ಮ ಕಡೆ ಬೇರೆ ಕ್ರಮ, ತಪ್ಪಾಯಿತು ಎಂದು ಒಂದೊಂದೇ ಮಾತು ಹುಡುಕಿ ಹೇಳಿದೆ. ಬಸುರಿಗೆ ತುಂಬುವುದು ಎಂದು ತಿಳಿದುಕೊಂಡೆ ಎಂದದ್ದೇ ತಡ, ಒಳಗಿನಿಂದ ರೇಣುಕಾ ಕಿಸಕ್ಕನೆ ನಕ್ಕಳು. ಅಜ್ಜಿ ನಗಲಿಲ್ಲ. ಎದ್ದು ಒಳಗೆ ಹೋದರು, ನಾನೂ ಹಿಂದೆ ಹೋದೆ. ಗೂಡಿನಲ್ಲಿ ದೇವರ ಪಟದ ಮುಂದೆ ಅದೇ ಮೊರ. ಕಾಯಿ, ಕುಬಸದ ಬಟ್ಟೆ, ಒಣಗಿದ ಎಲೆ, ಅಕ್ಕಿ ಎಲ್ಲ ನಾನು ಇಟ್ಟ ಹಾಗೇ ಇತ್ತು. "ಎಂಟ ದಿನ ಆತು," ಎಂದರು ಅಜ್ಜಿ. "ಕೊಟ್ಟ ಉಡಿ ತಿರುಗಿ ಮನಿಗಿ ಬಳಸಲಾಕ ಬರಂಗಿಲ್ಲ, ಮಂದಿಗಿ ಕೊಡಲಾಕ ಬರಂಗಿಲ್ಲ. ನೋಡಿದಾಗೊಮ್ಮೆ ಎದಿ ಧಸಕ್ ಅಂತದ. ನಾ ಹಡದದ್ದು ಮೂರೂ ಗಂಡೇ. ಹೆಣ್ಣಮಕ್ಕಳಿಗಿ ಉಡಿ ತುಂಬಿ ಕಳಸೋದು ನನ್ನ ಹಣಿಯಾಗ ಬರದಿಲ್ಲ ಅನಕೊಂಡಿದ್ದೆ. ಆವತ್ತ ನೀ ಕುಂತು ಮೂರ ರೊಟ್ಟಿ ತಿಂದಿ ನೋಡು, ನನಗೂ ಒಬ್ಬಾಕಿ ಮಗಳು ಬಂದಳು ಅನಸ್ತು." ಟೀಚರಮ್ಮ ಹೋಗಿ ‘ನೀ’ ಬಂದದ್ದನ್ನು ನಾನು ಗಮನಿಸಿದೆ. ನನ್ನ ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಯಾರೂ ಮಗಳು ಎಂದಿರಲಿಲ್ಲ. ಕಣ್ಣಲ್ಲಿ ನೀರು ಬಂತು, ತಡೆಯಲು ಹೋಗಲಿಲ್ಲ. ಈ ಸಲ ಫ್ಯಾನ್ ಸರಿಯಾಗಿಯೇ ತಿರುಗುತ್ತಿತ್ತು.

ಅಜ್ಜಿ ಮತ್ತೆ ಕುಂಕುಮ ಹಚ್ಚಿ, ಹೊಸ ಎಲೆ ಅಡಿಕೆ ತರಿಸಿ, ಅದೇ ಕಾಯಿ, ಅದೇ ಬಟ್ಟೆ, ಅದೇ ಅಕ್ಕಿಯನ್ನು ಸೆರಗಿಗೆ ಸುರಿದರು. ನಾನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡೆ. ಆಮೇಲೆ ಅವರು ಮಗನ ಕಡೆ ತಿರುಗಿದರು. "ಏ ಬಸ್ಯಾ, ಆವತ್ತ ಏನೋ ಮಂದಿ ಮನಿ ಅಂದಿ. ಇನ್ನ ಅದು ಮಂದಿ ಮನಿ ಅಲ್ಲ, ನಿಮ್ಮಕ್ಕನ ಮನಿ. ಹುಡುಗಿ ಅತ್ತಿ ಮನ್ಯಾಗ ನಾಕ ತಾಸು ಕುಂತು ಬರಲಾಕ ನಿಂದೇನದ?" ಬಸಪ್ಪ ಗೋಡೆಗೆ ಒರಗಿ ನಿಂತಿದ್ದರು. ಬಾಗಿಲ ಹತ್ತಿರ ರೇಣುಕಾ ಉಗುರು ಕಚ್ಚುತ್ತಿದ್ದಳು. ಬಸಪ್ಪ ನನ್ನನ್ನು ನೋಡಿದರು, ನನ್ನ ಸೆರಗನ್ನು ನೋಡಿದರು, ಅವ್ವನನ್ನು ನೋಡಿದರು. "ಹಂಗಾದ್ರ ನಾಳಿಂದೇ ಕಳಸ್ತೀನಕ್ಕಾ" ಎಂದರು. ರೇಣುಕಾ ಅಲ್ಲಿಂದಲೇ, "ಟೀಚರ್, ಎಷ್ಟ ಪಾಠ ಆಗ್ಯಾವ್ರಿ?" ಎಂದು ಪ್ರಶ್ನೆ ಎಸೆದಳು. ಡೊಂಬಿವ್ಲಿಯವರೆಗೂ ಆ ಉಡಿಯನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬಳೇ ನಗುತ್ತ ಬಂದೆ, ನೋಡಿದವರು ಏನೆಂದುಕೊಂಡರೋ ಗೊತ್ತಿಲ್ಲ.

ಮರುದಿನದಿಂದ ವ್ಯವಸ್ಥೆ ಶುರುವಾಯಿತು. ಬೆಳಗಿನ ಗಾಡಿಗೆ ಡೊಂಬಿವ್ಲಿಯಲ್ಲಿ ಹತ್ತುವುದೆಂದರೆ ಏನೆಂದು ಬಲ್ಲವರೇ ಬಲ್ಲರು. ಅಷ್ಟು ವರ್ಷ ನಾನು ಎರಡು ಗಾಡಿ ಬಿಟ್ಟು ಮೂರನೆಯದಕ್ಕೆ ಹೇಗೋ ತೂರಿಕೊಳ್ಳುತ್ತಿದ್ದೆ. ಈಗ ಲೇಡೀಸ್ ಡಬ್ಬಿಯ ಬಾಗಿಲಲ್ಲಿ ಸಿದ್ದಮ್ಮ ನಿಂತಿರುತ್ತಾಳೆ. ಮಾತು ಕಡಿಮೆ, ಕೈಯಲ್ಲಿ ಬಲ ಜಾಸ್ತಿ. "ಬರ್ರಿ ಅಕ್ಕಾ" ಎಂದು ರಟ್ಟೆ ಹಿಡಿದು ಒಳಗೆಳೆದುಕೊಳ್ಳುತ್ತಾಳೆ, ರೇಣುಕಾ ನನ್ನ ಚೀಲ ಹಿಡಿದುಕೊಳ್ಳುತ್ತಾಳೆ. ಐರೋಲಿಯಲ್ಲಿ ಸಿದ್ದಮ್ಮ ಇಳಿಯುತ್ತಾಳೆ, ರಬಾಳೆಯಲ್ಲಿ ನಾವು. ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟವಾದ ಮೇಲೆ ಅವಳ ಪ್ರಶ್ನೆಗಳನ್ನು ಈಗ ಯಜಮಾನರು ನೋಡಿಕೊಳ್ಳುತ್ತಾರೆ. ಹೋಟೆಲಿನಲ್ಲಿ ದೋಸೆ ಹಿಟ್ಟು ಯಾಕೆ ಉಬ್ಬುತ್ತದೆ ಎಂಬ ಒಂದೇ ಪ್ರಶ್ನೆಗೆ ಮೂರು ದಿನ ಉತ್ತರ ಹೇಳಿದರು. ನಾನು ಆ ಹೊತ್ತಿಗೆ ಒಂದು ನಿದ್ದೆ ತೆಗೆಯುತ್ತೇನೆ. ಇಷ್ಟಕ್ಕೂ ಯಾರು ಯಾರಿಗೆ ಉಪಕಾರ ಮಾಡುತ್ತಿದ್ದಾರೆ ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ.

ಫೋನಿನ ವಿಷಯದಲ್ಲೂ ಬುದ್ಧಿ ಕಲಿತೆ. ದಿನಕ್ಕೊಂದು ಮನೆಗೆ ಒಳ್ಳೆಯ ಸುದ್ದಿಯ ಫೋನ್ ಎಂದು ನಿಶ್ಚಯಿಸಿದೆ. ಮೊದಲ ಫೋನನ್ನು ಎಂಟನೇ ಪ್ರಯತ್ನಕ್ಕೆ ಒಬ್ಬ ತಂದೆ ಎತ್ತಿದರು. "ನಿಮ್ಮ ಹುಡುಗ ಇವತ್ತು ಬಹಳ ಚೆನ್ನಾಗಿ ಓದಿದ, ಅದನ್ನೇ ಹೇಳೋಣ ಅಂತ" ಎಂದೆ. ಆ ಕಡೆಯಿಂದ ಗಾಬರಿಯ ದನಿ: "ಖರೇ ಹೇಳ್ರಿ ಟೀಚರ್. ಯಾವ ದವಾಖಾನಿಗಿ ಒಯ್ದೀರಿ?" ಹುಡುಗ ಕ್ಷೇಮವಾಗಿದ್ದಾನೆ, ಈಗ ಮೈದಾನದಲ್ಲಿ ಕ್ರಿಕೆಟ್ ಆಡುತ್ತಿರಬೇಕು ಎಂದು ನಂಬಿಸಲು ಹತ್ತು ನಿಮಿಷ ಹಿಡಿಯಿತು. ಈಗ ಕೆಲವರು ಮೂರನೆಯ ರಿಂಗಿಗೇ ಎತ್ತುತ್ತಾರೆ. ನಾಲ್ಕು ಮನೆಗಳಿಗೆ ಹೋಗಿಯೂ ಬಂದೆ, ಸೀರೆ ಉಟ್ಟು.

ಈ ಓಡಾಟದಲ್ಲಿ ಭಾನುವಾರಗಳಂದು ಟಿಟ್ವಾಳಾಕ್ಕೆ ಹೋಗುವುದು ತಪ್ಪಿತು. ಸಂಕ್ರಮಣಕ್ಕೆ ಊರಿಗೆ ಹೋಗಬೇಕಿದ್ದ ಮಲ್ಲಮ್ಮನವರು ಮೊಮ್ಮಗಳ ಪರೀಕ್ಷೆ ಮುಗಿಯುವವರೆಗೆ ಇಲ್ಲೇ ಉಳಿಯುವುದೆಂದು ತೀರ್ಮಾನಿಸಿದ್ದರು. ಹೋದ ಸೋಮವಾರ ಹಾಜರಿ ಕರೆಯುವಾಗ ರೇಣುಕಾ ಎದ್ದು ನಿಂತು ಇಡೀ ತರಗತಿಯ ಮುಂದೆ, "ಟೀಚರ್, ನೀವು ಮೂರ ಆಯ್ತವಾರದಿಂದ ಮನಿಗಿ ಬಂದಿಲ್ಲಂತ. ಯಾಕ ಬಂದಿಲ್ಲ, ಕಾರಣ ಬೇಕಂದಾಳ ಅಜ್ಜಿ" ಎಂದಳು. ಮೂವತ್ತೊಂದು ಮಕ್ಕಳು ಕಿವಿ ನಿಮಿರಿಸಿ ಕೂತರು. ನಾನು ಗಂಭೀರವಾಗಿ ಒಂದು ಹಾಳೆ ತೆಗೆದುಕೊಂಡು, ಉತ್ತರ ಪತ್ರಿಕೆ ತಿದ್ದುವ ಕೆಲಸ ಇದ್ದುದರಿಂದ ಬರಲಾಗಲಿಲ್ಲ, ದಯವಿಟ್ಟು ಕ್ಷಮಿಸಬೇಕು, ಇಂತಿ ನಿಮ್ಮ ವಿಧೇಯ ಮಗಳು ಎಂದು ಬರೆದು, ಸಹಿ ಮಾಡಿ ಕಳಿಸಿದೆ. ಇಪ್ಪತ್ತಾರು ವರ್ಷಗಳಲ್ಲಿ ಅಂಥ ಎಷ್ಟು ಚೀಟಿಗಳನ್ನು ಓದಿದ್ದೇನೋ, ಅವುಗಳಿಗಿಂತ ಇದು ಚೆನ್ನಾಗಿಯೇ ಇತ್ತು.

ಮಂಗಳವಾರ ಉತ್ತರ ಬಂತು. ರೇಣುಕಾ ಓದಿ ಹೇಳಿದಳಂತೆ, ಅಜ್ಜಿ ಪೂರ್ತಿ ಕೇಳಿ ತಲೆ ಅಲ್ಲಾಡಿಸಿದರಂತೆ. "ಅಜ್ಜಿ ಕಾರಣ ಒಪ್ಪಿಲ್ರಿ ಟೀಚರ್," ಎಂದಳು ಹುಡುಗಿ, ನಗು ತಡೆದುಕೊಂಡು. "ಈ ಆಯ್ತವಾರ ಗಂಡನ್ನ ಕರ್ಕೊಂಡು ಬಾ ಅಂದಾಳ. ಆತನ ಮುಂದ ಮಾತಾಡ್ತಾಳಂತ." ಮನೆಗೆ ಬಂದು ಯಜಮಾನರಿಗೆ ವಿಷಯ ತಿಳಿಸಿದೆ. ಅವರು ಆಗಲೇ ಇಸ್ತ್ರಿ ಮಾಡಿದ ಅಂಗಿ ಹುಡುಕುತ್ತಿದ್ದರು. "ನಾನೇನೂ ನಿನ್ನ ಪರವಾಗಿ ಮಾತಾಡುವುದಿಲ್ಲ, ಈಗಲೇ ಹೇಳಿಬಿಡ್ತೇನೆ" ಎಂದರು. ಪಾಲಕರನ್ನು ಕರೆಸುವುದು ಎಂದರೆ ಮಕ್ಕಳಿಗೆ ಹೇಗಾಗುತ್ತದೆ ಎಂಬುದು ನನಗೆ ಈ ವಯಸ್ಸಿನಲ್ಲಿ ತಿಳಿಯುತ್ತಿದೆ.